ಕಾಲು ಸೋತರೆ ಕೆಡುಕು ಎಲ್ಲಿ?



ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕುಳಿತು ಉಳ್ಳಾಗಡ್ಡಿ ಸಸಿ ಹಚ್ಚುತ್ತೀರಿ. ಸಂಜೆ ಏಳುವಾಗ ಒಂದು ಪಾದ ಮೇಲೇಳುವುದಿಲ್ಲ, ಬೆರಳು ನೆಲಕ್ಕೆ ತಾಗುತ್ತವೆ, ಚಪ್ಪಲಿ ಜಾರುತ್ತದೆ. ಲಕ್ವಾ ಹೊಡೀತು ಅಂತ ಮನೆಮಂದಿ ಹೌಹಾರುತ್ತಾರೆ. ತಡೀರಿ, ಮುಖ, ಕೈ, ಮಾತು ನೆಟ್ಟಗಿವೆಯೇ ಮೊದಲು ನೋಡ್ರಿ.

ಅವು ನೆಟ್ಟಗಿದ್ದರೆ ಮೊಣಕಾಲಿನ ಕಡೆ ಲಕ್ಷ್ಯ ಕೊಡಿರಿ. ಅದರ ಹೊರಮಗ್ಗುಲಲ್ಲಿ, ಚರ್ಮದ ಕೆಳಗೇ, ಎಲುಬನ್ನು ಬಳಸಿ ಒಂದು ನರ ಹಾಯುತ್ತದೆ. ಬಹಳ ಹೊತ್ತು ಕಾಲು ಮಡಚಿದರೆ ಅದು ಒತ್ತಿಕೊಂಡು ಸೋಲುತ್ತದೆ. ಆಗ ಪಾದ ಮೇಲೆತ್ತಲು ಬಾರದು, ಆದರೆ ಒಳಕ್ಕೆ ತಿರುಗಿಸಲು ಬರುತ್ತದೆ. ಒಳಕ್ಕೂ ತಿರುಗದೆ, ಸೊಂಟದಿಂದ ಕಾಲಗುಂಟ ಸೆಳೆತವಿದ್ದರೆ ಕೆಡುಕು ಸೊಂಟದಲ್ಲಿ, ನರದ ಬುಡಕ್ಕೇ ಇರಬಹುದು. ಎರಡರಲ್ಲಿ ಯಾವುದಾದರೂ ಡಾಕ್ಟರಿಗೆ ತೋರಿಸಿರಿ. ಎರಡೂ ಕಾಲು ಸೋತು ಮೂತ್ರ ಕಟ್ಟಿದರೆ ಬೆನ್ನುಹುರಿಯ ಸಂಶಯ. ಅದೇ ದಿನ ಹೋಗಬೇಕು.

ಒಮ್ಮೆಲೇ ಬಾಯಿ ಸೊಟ್ಟಾಗಿ, ಒಂದು ಮಗ್ಗುಲ ಕೈಕಾಲು ಬಿದ್ದು, ಮಾತು ತೊದಲಿದರೆ ಕೆಡುಕು ಮೆದುಳಿನಲ್ಲಿ. ಬಲಗಡೆ ಸೋತರೆ ಎಡಮೆದುಳು! ಎಣ್ಣೆ ತಿಕ್ಕುತ್ತ ಕೂಡಬೇಡಿರಿ. 108ಕ್ಕೆ ಫೋನು ಮಾಡಿ ವಿಜಯಪುರದ ದೊಡ್ಡ ದವಾಖಾನೆಗೆ ಒಯ್ಯಿರಿ. ಹೆಪ್ಪು ಕರಗಿಸುವ ಸೂಜಿಮದ್ದನ್ನು 4½ ತಾಸಿನೊಳಗೆ ಕೊಡಬೇಕಾಗುತ್ತದೆ. ಬೇನೆ ಸುರುವಾದ ಹೊತ್ತು ಎಷ್ಟೆಂದು ಡಾಕ್ಟರಿಗೆ ತಪ್ಪದೆ ಹೇಳಿರಿ.