ನಾಯಿಮರಿ ಕಲಿಸಿದ ಪಾಠ

ನಮ್ಮ ಮೊಮ್ಮಗಳಿಗೆ 5 ವರ್ಷ. ಕರು, ಬೆಕ್ಕು, ಕೋಳಿಮರಿ ಯಾವುದನ್ನು ಕಂಡರೂ ಮುದ್ದಿಸುವ ಆಸೆ. ಕೃಷಿಕರ ಮನೆಯ ಮಗು ಹೀಗೇ ಇರಬೇಕು ಎಂದು ನನಗೆ ಹೆಮ್ಮೆ. ಕಳೆದ ಮಳೆಗಾಲದಲ್ಲಿ ಆ ಹೆಮ್ಮೆ ಇಳಿಯಿತು.

ಒಂದು ಸಂಜೆ ಸ್ನಾನ ಮಾಡಿಸುವಾಗ ಸೊಸೆಗೆ ಅವಳ ಕೈಯಲ್ಲಿ ಎರಡು ಗೀರು ಕಂಡಿತು. ಮುಳ್ಳು ತಾಗಿದ್ದು ಅಂದಳು. ಮಲಗುವ ಹೊತ್ತಿಗೆ ನನ್ನ ಕಿವಿಯಲ್ಲಿ, "ಅಜ್ಜಾ, ಬೈಯುದಿಲ್ಲಾಂದ್ರೆ ಒಂದು ಹೇಳ್ತೇನೆ" ಎಂದಳು. ಮಾರ್ಗದ ಬದಿಯ ನಾಯಿಮರಿಗೆ ಬಿಸ್ಕೆಟ್ ಕೊಡಲು ಹೋಗಿದ್ದಳಂತೆ. ಅದರ ಹಲ್ಲು ತಾಗಿ ಎರಡು ದಿನವಾಗಿತ್ತು! ಹುಡುಕಿದರೆ ಮರಿ ಎಲ್ಲೂ ಇಲ್ಲ.

ರಾತ್ರಿಯೇ ಗಾಯಕ್ಕೆ ಸಾಬೂನು ಹಚ್ಚಿ, ನಳ್ಳಿ ನೀರಿನಡಿ 15 ನಿಮಿಷ ತೊಳೆದೆವು. ಅರಸಿನ, ಸುಣ್ಣ, ಮೆಣಸು ಯಾವುದನ್ನೂ ಹಚ್ಚಲಿಲ್ಲ, ಹಚ್ಚಲೂಬಾರದು. ಕೂಡಲೇ ಆಸ್ಪತ್ರೆಗೆ ಹೊರಟೆವು. ವೈದ್ಯರು ಗಾಯದ ಸುತ್ತ ಸೀರಂ ಚುಚ್ಚಿ ಲಸಿಕೆ ಶುರು ಮಾಡಿದರು. ಹೇಳಿದ ದಿನ ತಪ್ಪದೆ ಎಲ್ಲಾ ಚುಚ್ಚುಮದ್ದು ಮುಗಿಸಿದೆವು. ಮಗು ಆರೋಗ್ಯವಾಗಿದೆ.

ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ತೀರಾ ಅಪರೂಪ. ಲಸಿಕೆ ಕೆಲಸಕ್ಕೆ ಬರುವುದು ಅದಕ್ಕಿಂತ ಮೊದಲು ಮಾತ್ರ. ಮಗು ಬಾಯಿ ಬಿಡದೇ ಇರುತ್ತಿದ್ದರೆ? ಹಿಂದೊಮ್ಮೆ ಬೆಕ್ಕು ಪರಚಿದಾಗ ಜೋರಾಗಿ ಗದರಿದವನು ನಾನೇ. ಮುಚ್ಚಿಡಲು ಕಲಿಸಿದ್ದೂ ನಾನೇ ಆದೆ.

ಆಮೇಲೆ ದಿನಾ ಹಟ್ಟಿಗೆ ಹೋಗುವಾಗ ಅವಳನ್ನೂ ಕರೆದೊಯ್ಯುತ್ತೇನೆ. ದನದ ಹಿಂದಿನಿಂದ ಹೋಗಬಾರದು, ಎದುರಿನಿಂದ ಹೆಸರು ಕರೆದು ಹೋಗಬೇಕು. ಕರು ಹಾಕಿದ ದನ ಎಷ್ಟೇ ಸಾಧುವಾದರೂ ಹಾಯಬಹುದು. ಉಣ್ಣುತ್ತಿರುವ ನಾಯಿಯನ್ನು, ಮರಿ ಇರುವ ಹೇಂಟೆಯನ್ನು ಮುಟ್ಟಬಾರದು. ನಮ್ಮ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸುವಾಗಲೂ ಅವಳು ಜೊತೆಗಿರುತ್ತಾಳೆ.

"ದನವನ್ನು ಮುಟ್ಟಬಹುದು, ಮಂಗನನ್ನು ಯಾಕೆ ಮುಟ್ಟಬಾರದು ಅಜ್ಜಾ?" ಒಳ್ಳೆಯ ಪ್ರಶ್ನೆ. ದನ ನಮ್ಮ ಕೈಯಲ್ಲಿ ಬೆಳೆದದ್ದು, ಮಂಗ ಕಾಡಿನದ್ದು. ಹತ್ತಿರ ಹೋದರೆ ಹೆದರುತ್ತದೆ, ಹೆದರಿದರೆ ಕಚ್ಚುತ್ತದೆ. ದೂರದಿಂದ ನೋಡಿದರೆ ಅದಕ್ಕೂ ಸುಖ, ನಮಗೂ ಸುಖ. ಸತ್ತ ಮಂಗ ಕಂಡರಂತೂ ಓಡಿ ಬಂದು ಹೇಳಬೇಕು. ಮಂಗನ ಕಾಯಿಲೆ ಹರಡುವ ಉಣುಗುಗಳು ಅದರ ಸುತ್ತ ಇರಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಕಾಯಿಲೆ ಅದು. ವಿಷಯವನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ದೊಡ್ಡವರ ಕೆಲಸ.

ಹಾವಿನ ಜಾತಿ ಗುರುತಿಸುವ ಪಾಠ ಸಣ್ಣ ಮಕ್ಕಳಿಗೆ ಬೇಡ. ಯಾವ ಹಾವಾದರೂ ಒಂದೇ ನಿಯಮ: ನಿಲ್ಲು, ಹಿಂದೆ ಸರಿ, ದೊಡ್ಡವರನ್ನು ಕರೆ. ಬಿದ್ದ ಹಾಳೆ ಎತ್ತುವುದು, ಮಾಟೆಗೆ ಕೈ ಹಾಕುವುದು ಬೇಡವೇ ಬೇಡ. ಹಾಗೆಂದು ಹಾವೆಲ್ಲ ವೈರಿಯಲ್ಲ, ಇಲಿ ಹಿಡಿಯುವ ಕೇರೆ ನಮ್ಮ ಕೂಲಿ ಕೇಳದ ಆಳು ಎಂದೂ ಹೇಳಿದ್ದೇನೆ. ಗಿಳಿಮರಿ, ಮೊಲದ ಮರಿ ಸಿಕ್ಕಿದರೆ ಮನೆಗೆ ತರಬಾರದು. ತಾಯಿ ಹತ್ತಿರದಲ್ಲೇ ಇರಬಹುದು. ಸಾಕುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧವೂ ಹೌದು.

ಇವೆಲ್ಲಕ್ಕಿಂತ ದೊಡ್ಡ ಪಾಠ ನನಗೆ: ಪರಚಿದರೆ, ಕಚ್ಚಿದರೆ ಮೊದಲು ಗಾಯ ನೋಡುವುದು, ಬೈಗಳು ಬೇಡ.

ಮೊನ್ನೆ ಅವಳು ತೋಟದಿಂದ ಓಡಿ ಬಂದಳು. "ಅಜ್ಜಾ, ಹಾವು! ನಾನು ಹತ್ತಿರ ಹೋಗ್ಲಿಲ್ಲ." ಹೋಗಿ ನೋಡಿದರೆ ಕೇರೆ. ಇಬ್ಬರೂ ದೂರ ನಿಂತು, ಅದು ಕಣಿ ದಾಟಿ ಹೋಗುವವರೆಗೆ ನೋಡಿದೆವು.

ನಿಮ್ಮ ಮನೆಯ ಮಕ್ಕಳು ಇಂಥದ್ದನ್ನೆಲ್ಲ ನಿಮ್ಮಲ್ಲಿ ಹೆದರದೆ ಹೇಳುತ್ತಾರಾ? ಇವತ್ತೇ ಒಮ್ಮೆ ಕೇಳಿ ನೋಡಿ.