ದಿಮ್ಮಿ ಸೀಳುವ ಮೊದಲೇ ಮೇಣ

ಚನ್ನಪಟ್ಟಣದ ಗೊಂಬೆಗೆ ಒದಗುವ ಹಾಲೆ ಮರವಾಗಲಿ, ಹಿತ್ತಲಲ್ಲಿ ಉರುಳಿಸಿದ ಹಲಸಾಗಲಿ, ಕೊಯ್ದ ಮೇಲೆ ಮೊದಲು ಬಿರುಕು ಬಿಡುವುದು ತುದಿಯಲ್ಲೇ. ಬೇರಿನಿಂದ ನೀರೇರಿಸುತ್ತಿದ್ದ ಸಣ್ಣ ಕೊಳವೆಗಳು ಅಡ್ಡ ಕೊಯ್ದ ಮುಖದಲ್ಲಿ ಬಾಯಿ ತೆರೆದಿರುತ್ತವೆ. ಪಕ್ಕದ ಮೈಯಿಂದ ಆರುವುದಕ್ಕಿಂತ 10ರಿಂದ 15 ಪಟ್ಟು ವೇಗವಾಗಿ ತೇವ ಅಲ್ಲಿಂದ ಹೊರಟುಹೋಗುತ್ತದೆ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗತೊಡಗುತ್ತದೆ. ತುದಿ ಆ ಮಟ್ಟ ಮುಟ್ಟಿ ಕುಗ್ಗಲು ಹೊರಟಾಗ ಒಳಭಾಗ ಇನ್ನೂ ಹಸಿಯಾಗಿದ್ದು ಬಿಗಿಹಿಡಿದಿರುತ್ತದೆ. ಈ ಎಳೆದಾಟದಲ್ಲಿ ತುದಿಯ ನಾರುಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಬಿಸಿಲು, ಗಾಳಿ ಜೋರಾಗಿದ್ದರೆ ಇಷ್ಟೆಲ್ಲ ನಡೆಯಲು ಒಂದು ಹಗಲು ಸಾಕು.

ಹಾಗಾಗಿ ತುದಿಗೆ ಹಚ್ಚುವ ಸೀಲರ್ ಯಾವುದು ಎನ್ನುವುದಕ್ಕಿಂತ ಅದು ಯಾವಾಗ ಕೈಗೆ ಸಿಗುತ್ತದೆ ಎನ್ನುವುದೇ ದೊಡ್ಡದು. ಮೇಣದ ಸೀಲರ್ ಎಂದರೆ ಮೇಣವನ್ನು ನುಣ್ಣನೆಯ ಕಣಗಳಾಗಿ ನೀರಿನಲ್ಲಿ ಬೆರೆಸಿದ ಹಾಲಿನಂಥ ದ್ರವ. ನೀರು ಆರಿದ ಮೇಲೆ ಮೇಣದ ಪೊರೆ ಉಳಿಯುತ್ತದೆ. ಒದ್ದೆ ಮರದ ಮೇಲೂ ಹಿಡಿಯುವುದರಿಂದ ಗರಗಸ ನಿಂತ ಕೂಡಲೇ ಹಚ್ಚಬಹುದು, ಹಚ್ಚಲೇಬೇಕು. ಬ್ರಷ್ಷನ್ನು ಜಿಪುಣತನವಿಲ್ಲದೆ ಆಡಿಸಿ, ಅಂಚು ದಾಟಿಸಿ ಪಕ್ಕದ ಮೈಗೂ ಒಂದಿಂಚು ಬಳಿಯಬೇಕು. ಗಂಟುಗಳ ಸುತ್ತ, ಕವಲು ಕಡಿದ ಜಾಗದಲ್ಲಿ ಕೂಡ ಕೊಳವೆಗಳು ತೆರೆದಿರುತ್ತವೆ. ಅವನ್ನು ಮರೆತವರೇ ಹೆಚ್ಚು. ತುದಿ ಆಗಲೇ ಬಿರಿದಿದ್ದರೆ ಮೇಲೆ ಮೇಣ ಬಳಿದು ಪ್ರಯೋಜನವಿಲ್ಲ. ಬಿರುಕು ಮುಗಿಯುವವರೆಗೆ ಕತ್ತರಿಸಿ ತೆಗೆದು, ಹೊಸ ಮುಖಕ್ಕೆ ಹಚ್ಚಬೇಕು.

ಮನೆಯಲ್ಲಿ ಉಳಿದ ಗೋಡೆಬಣ್ಣ ಸಾಲದೇ ಎಂದು ಕೇಳುವವರುಂಟು. ಬರಿಗೈಗಿಂತ ಅದೂ ವಾಸಿ, ಆದರೆ ನೀರಿನ ಗೋಡೆಬಣ್ಣದ ತೆಳು ಪದರ ಆವಿಯನ್ನು ಸಾಕಷ್ಟು ಬಿಟ್ಟುಕೊಡುತ್ತದೆ. ಖರ್ಚಿನ ಮಾತಿಗೆ ಸರಳ ಲೆಕ್ಕವೇ ಉತ್ತರ: ಒಂದಡಿ ಉದ್ದದ ತುಂಡಿನ ಎರಡೂ ತುದಿ ಮೂರು ಮೂರು ಇಂಚು ಸೀಳಿದರೆ ಅರ್ಧ ಮರ ಸೌದೆಗೆ ಹೋಯಿತು. ಗಿಡ್ಡ ತುಂಡುಗಳಲ್ಲೇ ದುಡಿಯುವ ಕಡೆಸಲುಗಾರನಿಗೆ ಈ ನಷ್ಟ ಎಲ್ಲರಿಗಿಂತ ಹೆಚ್ಚು. ಮೇಣ ಹಚ್ಚಿದರೆ ಒಣಗುವುದು ತಡವಾಗುತ್ತದೆ ಎಂಬ ಆಕ್ಷೇಪ ನಿಜವೇ, ತುದಿಯ ಮಟ್ಟಿಗೆ. ನಿಧಾನ ಬೇಕಾದದ್ದೂ ಅಲ್ಲೇ. ಹಲಗೆಯ ಉಳಿದ ಮೈ ತೆರೆದೇ ಇರುತ್ತದೆ; ನೆರಳಲ್ಲಿ, ನಡುನಡುವೆ ರೀಪು ಕೊಟ್ಟು ಜೋಡಿಸಿದರೆ ಗಾಳಿ ತನ್ನ ಕೆಲಸ ಮಾಡುತ್ತದೆ.

ಕೊಯ್ದ ಗಳಿಗೆಯಲ್ಲೇ ಬೇಕಾಗುವ ವಸ್ತುವಾದ್ದರಿಂದ ಡಬ್ಬಿಯನ್ನು ಕಾಪಾಡುವುದೂ ಕೆಲಸದ ಭಾಗ. ಶೀತದೇಶಗಳಲ್ಲಿ ಇದಕ್ಕೆ ಹಿಮದ ಭಯ: ಒಮ್ಮೆ ಹೆಪ್ಪುಗಟ್ಟಿದರೆ ಮೇಣ, ನೀರು ಬೇರೆಯಾಗಿ, ಎಷ್ಟು ಕಲಕಿದರೂ ಕೂಡದೆ ಹೋಗಬಹುದು. ನಮ್ಮಲ್ಲಿ ಕಾಡುವುದು ತಗಡಿನ ಶೆಡ್ಡಿನ ಕಾವು ಮತ್ತು ಸಡಿಲ ಮುಚ್ಚಳ. ಬೇಕಾದಷ್ಟನ್ನು ಬೇರೆ ಪಾತ್ರೆಗೆ ಸುರಿದುಕೊಂಡು, ಡಬ್ಬಿಯ ಕಂಠ ಒರೆಸಿ ಬಿಗಿಯಾಗಿ ಮುಚ್ಚಿ, ತಂಪಾದ ನೆರಳಲ್ಲಿಡಬೇಕು. ಮರದ ಪುಡಿ ಬಿದ್ದ ಉಳಿಕೆಯನ್ನು ಮತ್ತೆ ಡಬ್ಬಿಗೆ ಸುರಿಯಬಾರದು. ಬಹುಕಾಲ ನಿಂತದ್ದನ್ನು ಕೋಲಿನಿಂದ ನಿಧಾನ ಕಲಕಿ, ಹಳೆಯ ಟೈಲ್ಸ್ ತುಂಡಿನ ಮೇಲೆ ಒಮ್ಮೆ ಎಳೆದು ನೋಡುವುದು ಒಳ್ಳೆಯದು. ನುಣ್ಣಗೆ ಹರಡಿದರೆ ಸರಿ; ಮೊಸರೊಡೆದಂತೆ ಕಾಳುಕಾಳಾದರೆ ನಂಬಬೇಡಿ.

ಇಷ್ಟು ಮಾಡಿಯೂ ಇಡೀ ದಿಮ್ಮಿ ನಡುವಿನಿಂದ ಸೀಳಿತು ಎಂದು ಸೀಲರನ್ನು ದೂರುವುದು ಸರಿಯಲ್ಲ. ಮರ ವಾರ್ಷಿಕ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಆ ಒತ್ತಡವನ್ನು ಯಾವ ಮೇಣವೂ ತಡೆಯದು. ದಪ್ಪ ದಿಮ್ಮಿಯನ್ನು ಹಸಿಯಿರುವಾಗಲೇ ತಿರುಳಿನ ಗುಂಟ ಎರಡು ಹೋಳು ಮಾಡಿ, ಆಮೇಲೆ ನಾಲ್ಕೂ ತುದಿಗೆ ಹಚ್ಚಬೇಕು. ಹುಳು, ಬೂಷ್ಟಿಗೂ ಸೀಲರ್ ಮದ್ದಲ್ಲ. ಮಳೆಗಾಲದಲ್ಲಿ ಕೊಯ್ದ ರಬ್ಬರ್ ಮರಕ್ಕೆ ಬೇರೆ ಔಷಧೋಪಚಾರ ಆಗಲೇಬೇಕು.