ನಿಮಗಿದು ಗೊತ್ತೆ? ಹಾನಗಲ್ಲಿನ ಕಲ್ಗಮಲವೂ ಫಿಲ್ಮಿನ ಗಣಿತವೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳನ್ನೊಳಗೊಂಡ ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡದಿಂದ ಬೇರ್ಪಡುವುದಕ್ಕೆ ಶತಮಾನಕ್ಕೂ ಮೊದಲೇ, ಪಿಗೌ, ನೀಲ್, ಬಿಗ್ಸ್ ಎಂಬ ಮೂವರ ಛಾಯಾಚಿತ್ರಗಳೂ ಮೆಡೋಸ್ ಟೇಲರನ ವಿವರಣೆಯೂ ಕೂಡಿ, ಧಾರವಾಡ-ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೊಂದು 1866ರಲ್ಲಿ ಲಂಡನ್ನಿನಿಂದ ಹೊರಬಂದಿತು. ಈ ಸೀಮೆಯ ದೇವಾಲಯಗಳಿಗೂ ಛಾಯಾಗ್ರಹಣಕ್ಕೂ ಇರುವ ನಂಟು ಅಷ್ಟು ಹಳೆಯದು.

ಇತ್ತೀಚೆಗೆ ಫಿಲ್ಮ್ ಛಾಯಾಗ್ರಹಣಕ್ಕೆ ಮತ್ತೆ ಜೀವ ಬಂದಿದೆ: ನಿಂತುಹೋಗಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಕೊಡಾಕ್ 2018ರಲ್ಲಿ ಮರಳಿ ತಂದಿತು; 2024ರಲ್ಲಿ ಪೆಂಟಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಹೊರತಂದಿತು. ಆ ಉತ್ಸಾಹದಿಂದ ಹಾನಗಲ್ಲಿನ ತಾರಕೇಶ್ವರ ದೇಗುಲವನ್ನು ಹೊಕ್ಕು, ಸ್ತರಸ್ತರವಾಗಿ ಮೇಲೇರಿ ನಡುವೆ ಕಮಲವಾಗಿ ಕೆಳಗಿಳಿಯುವ ಭುವನೇಶ್ವರಿ ಎಂಬ ಒಳಛಾವಣಿಯನ್ನು ಸೆರೆಹಿಡಿಯಬಯಸುವವರು ಒಂದು ಸಂಗತಿಯನ್ನು ಅವಶ್ಯವಾಗಿ ಅರಿತಿರಬೇಕು: ಮಂದಪ್ರಕಾಶದಲ್ಲಿ ಫಿಲ್ಮಿನ ಸಂವೇದನಶಕ್ತಿಯೇ ಕುಗ್ಗುತ್ತದೆ. ಬೆಳಕಿನ ಮಾಪಕವು ಒಂದು ಸೆಕೆಂಡ್ ಎಂದರೆ ಟ್ರೈ-ಎಕ್ಸ್ ಎಂಬ ಕಪ್ಪುಬಿಳುಪು ಫಿಲ್ಮಿಗೆ ಎರಡು ಸೆಕೆಂಡ್ ಬೇಕು. ಹತ್ತು ಎಂದರೆ ಐವತ್ತು! ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಗುಂಡಿಯನ್ನು ಬೆರಳಿನಿಂದ ಒತ್ತದೆ ಕೇಬಲ್ಲಿನಿಂದ ಒತ್ತಿದಲ್ಲದೆ ಅಷ್ಟು ದೀರ್ಘಕಾಲ ಅದು ಅಲುಗದೆ ನಿಲ್ಲದು.

ಇನ್ನು ಸಂಸ್ಕರಣ. ಕಪ್ಪುಬಿಳುಪು ಫಿಲ್ಮಿನ ಡೆವಲಪರಿಗೆ ಸಾಮಾನ್ಯವಾಗಿ ವಿಧಿಸಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ನಮ್ಮ ಬೇಸಗೆಯ ನಲ್ಲಿನೀರು ಅದನ್ನು ಮೀರುವುದರಿಂದ, ದ್ರಾವಣದ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸಬೇಕು, ಇಲ್ಲವೆ ಕೋಷ್ಟಕವನ್ನು ನೋಡಿ ಅವಧಿಯನ್ನು ತಗ್ಗಿಸಬೇಕು. ಕತ್ತಲೆಕೋಣೆಯ ಕೆಂಪು ದೀಪವಾದರೋ ಕಪ್ಪುಬಿಳುಪು ಮುದ್ರಣದ ಕಾಗದಕ್ಕೆ ಮಾತ್ರ ಸಲ್ಲುತ್ತದೆ. ಫಿಲ್ಮ್ ರೋಲನ್ನು ಟ್ಯಾಂಕಿಗೆ ಸುತ್ತುವಾಗ ಪೂರ್ಣಾಂಧಕಾರವೇ ಬೇಕು.